ಚಂದ್ರವ್ವನ ಮೂರನೇ ವರ್ಷ

ಗದಗ
ಫೆಬ್ರವರಿ ಮೂವತ್ತು, ಇಸವಿ ೨೧೯೦

ಇಪ್ಪತ್ತೊಂದನೇ ಶತಮಾನದ ಮೊದಲಲ್ಲಿ ರಕ್ತನಾಳದ ಪ್ರಯೋಗ ಮಾಡುತ್ತಿರುವ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ಪಂಚಾಂಗ ತಿದ್ದಿದವರು ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಕನ್ನಡದಲ್ಲಿ ನಿಮಗೆ ವಿಚಿತ್ರವೆನಿಸುವ ಮಾತುಗಳಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಇಂದುಮತಿ ಕುರಡಗಿ, ಇಲ್ಲಿನ ಕುರಿಶಾಲೆಯ ವೈದ್ಯೆ. ಕುರಿಶಾಲೆ ಎಂದರೆ ಕುರಿಗಳಿಗೆ ಅಕ್ಷರ ಕಲಿಸುವ ಜಾಗವಲ್ಲ; ಮನುಷ್ಯರಿಗೆ ಮಾಡುವ ನಾಳ ಜೋಡಣೆಯನ್ನು ಮೊದಲು ಕುರಿಗಳಲ್ಲಿ ಮಾಡಿ ನೋಡುವ ಜಾಗ.

ಕಾಲಿನ ಅಪಧಮನಿ ಕಟ್ಟಿಕೊಂಡರೆ ಈಗಲೂ ನಿಮ್ಮ ಹಾಗೆಯೇ ಕಾಲಿನದೇ ಒಂದು ಅಭಿಧಮನಿಯನ್ನು ತೆಗೆದು ಬಳಸುದಾರಿಯಾಗಿ ಹೊಲಿಯುತ್ತೇವೆ. ನಿಧಾನದ ರಕ್ತಕ್ಕೆ ಒಗ್ಗಿದ್ದ ಆ ನಾಳ ಹೊಸ ಜಾಗದ ರಭಸ ತಾಳಲು ಗೋಡೆ ದಪ್ಪ ಮಾಡಿಕೊಳ್ಳುತ್ತದೆ, ತವರಲ್ಲಿ ಮೆತ್ತಗಿದ್ದವಳು ಅತ್ತೆಮನೆಯಲ್ಲಿ ಗಟ್ಟಿಯಾದ ಹಾಗೆ. ಅಷ್ಟಾದರೆ ಒಳ್ಳೆಯದೇ. ಆದರೆ ಅತಿಯಾದರೆ ಅಮೃತವೂ ವಿಷ. ಗೋಡೆ ಒಳಕ್ಕೆ ಬೆಳೆದು ದಾರಿಯೇ ಮುಚ್ಚಿಹೋಗುತ್ತದೆ.

ನಿಮ್ಮ ಇಲಿ, ಮೊಲಗಳ ವರದಿಗಳನ್ನು ಓದಿದ್ದೇನೆ. ಎಳೆಯ, ಆರೋಗ್ಯವಂತ ಪ್ರಾಣಿ; ನಾಲ್ಕೇ ವಾರ; ಗೋಡೆ ತೆಳ್ಳಗಿದೆ, ಔಷಧ ಗೆದ್ದಿತು! ಬೇಯುವ ತನಕ ಕಾದವರಿಗೆ ಆರುವ ತನಕ ಕಾಯಲಾಗಲಿಲ್ಲ. ನಿಮ್ಮ ರೋಗಿಗಳೋ ಅರವತ್ತು ದಾಟಿದ ಸಕ್ಕರೆ ಕಾಯಿಲೆಯವರು, ಅವರ ನಾಳ ಕಟ್ಟುವುದು ವರ್ಷಗಳ ಮೇಲೆ. ಆ ಅವಸರ ನಮ್ಮ ಕಾಲದವರೆಗೂ ಬಂತು. ಗೋಡೆ ಒಳಕ್ಕೆ ಬೆಳೆಯದಂತೆ ತಡೆಯಲೆಂದು ಮಾಡಿ, ಒಂದೇ ವರ್ಷ ನೋಡಿ ಒಪ್ಪಿದ ಲೇಪವನ್ನು ನಮ್ಮ ಅಪ್ಪನ ನಾಳಕ್ಕೆ ಹಚ್ಚಿದರು. ಮೂರನೇ ವರ್ಷ ನಾಳ ಕಟ್ಟಿ ಅಪ್ಪನ ಕಾಲು ಹೋಯಿತು. ಅಂದಿನಿಂದ 'ಗೆದ್ದಿತು' ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ.

ಈಗ ನಮ್ಮಲ್ಲಿ 'ಜೊತೆವಯಸ್ಸು' ಎಂಬ ಕಟ್ಟಳೆ ಇದೆ: ರೋಗಿಗೆ ವಯಸ್ಸಾಗಿದ್ದರೆ ಕುರಿಯೂ ಮುದಿಯಾಗಿರಬೇಕು, ರೋಗಿಗೆ ಸಕ್ಕರೆ ಇದ್ದರೆ ಕುರಿಗೂ ಇರಬೇಕು. ಹಾಗೆ ಬಂದ ಮುದಿ ಕುರಿ ಚಂದ್ರವ್ವ. ಅವಳ ಹಲ್ಲು ಸವೆದಿವೆ, ಮೇವನ್ನು ಸಣ್ಣಗೆ ಕತ್ತರಿಸಿ ನೆನೆಸಿ ಕೊಡಬೇಕು. ಕುರಿಗಳಿಗೆ ನಾಳ ಜೋಡಿಸುವುದು ಕುತ್ತಿಗೆಯಲ್ಲಿ, ಅಲ್ಲಿಗೆ 'ಒಳಗಣ್ಣು' ಕಟ್ಟಿದ್ದೇವೆ; ಕೊಯ್ಯದೆಯೇ ನಾಳದ ದಪ್ಪ ತೋರಿಸುವ ಪಟ್ಟಿ ಅದು. ತುರಿಕೆಯಾದರೆ ಬಂದು ನನ್ನ ಸೀರೆಗೇ ಉಜ್ಜುತ್ತಾಳೆ. ಜೊತೆಯವು ವಯಸ್ಸಾಗಿ ಸತ್ತವು, ಉಳಿದವಳು ಇವಳೊಬ್ಬಳೇ. ಹೊಸ ಲೇಪ ಹಚ್ಚಿದ ಅವಳ ನಾಳಕ್ಕೆ ಈಗ ಎರಡು ವರ್ಷ, ಇನ್ನೂ ತೆರೆದಿದೆ. ಆದರೆ ಗೋಡೆಯೊಳಗೆ ಬೆಳೆಯುತ್ತಿರುವುದು ಏನೆಂದು ತಿಳಿಯಲು ಕೊಯ್ಯಲೇಬೇಕು, ಕೊಯ್ದರೆ ಮೂರನೇ ವರ್ಷದ ಉತ್ತರ ಎಂದೂ ಸಿಗದು.

ಈಗ ನನ್ನ ತಮ್ಮ ಸಂಗನಬಸವನ ಕಾಲಿನ ನಾಳವೂ ಕಟ್ಟಿದೆ. ಬರುವ ಸೋಮವಾರ ಅವನಿಗೆ ಜೋಡಣೆ. ಅಷ್ಟರೊಳಗೆ ಚಂದ್ರವ್ವನನ್ನು ಕೊಯ್ದು ವರದಿ ಕೊಟ್ಟರೆ ಲೇಪಕ್ಕೆ ಒಪ್ಪಿಗೆ ಕೊಡುತ್ತೇವೆಂದು ಸಮಿತಿಯವರು ಹೇಳಿದರು. ನಾನು ಒಪ್ಪಲಿಲ್ಲ, ಒಪ್ಪುವುದೂ ಇಲ್ಲ. ತಮ್ಮನಿಗೆ ಲೇಪವಿಲ್ಲದ ಬರೀ ನಾಳವನ್ನೇ ಹೊಲಿಯುತ್ತಾರೆ. "ಅಕ್ಕಾ, ಕುರಿಗೆ ಕೊಟ್ಟ ವರ್ಷ ನನಗ ಕೊಡವಲ್ಲಿ ನೀ" ಎಂದು ಅವನು ಅತ್ತ. ನಾನೂ ಅತ್ತೆ.

ಹಿರಿಯರೇ, ನನ್ನ ಕೋರಿಕೆ ಇಷ್ಟೇ. ನಾಲ್ಕನೇ ವಾರ ಕತ್ತಿ ಎತ್ತುವಾಗ ಒಂದು ಮುದಿ ಪ್ರಾಣಿಯನ್ನಾದರೂ ಉಳಿಸಿ, ಸಾಕಿ, ಕಾಯಿರಿ. ಕಾಯುವ ರೂಢಿ ನಿಮ್ಮಲ್ಲೇ ಬೇರೂರಿದ್ದರೆ ಈ ಪರೀಕ್ಷೆ ಎಂದೋ ಮುಗಿದು, ನನ್ನ ತಮ್ಮನಿಗೆ ಬೇಕಾದ ಉತ್ತರ ಇವತ್ತು ನನ್ನ ಕೈಯಲ್ಲಿರುತ್ತಿತ್ತು.

ನಿನ್ನೆ ಸಂಗನಬಸವ ಕುಂಟುತ್ತಾ ಕುರಿಶಾಲೆಗೆ ಬಂದ. ನನ್ನನ್ನು ದಾಟಿ ನೇರವಾಗಿ ಮೇವಿನ ಕಡೆ ಹೋದ. ತಾನೇ ಮೇವು ನೆನೆಸಿ ಚಂದ್ರವ್ವನ ಮುಂದಿಟ್ಟು, "ತಿನ್ನವ್ವಾ, ಮೂರು ವರ್ಷ ತುಂಬಸು. ನನ್ನ ಹಿಂದ ಬರೂ ಮಂದಿಗರೆ ಆಗಲಿ" ಎಂದ.

ನಿಮ್ಮ ಮರಿಮಕ್ಕಳ ಮರಿಮಕ್ಕಳ ವಾರಿಗೆಯವಳು,
ಇಂದುಮತಿ