ಇಲಿ ಏನು ತಂತು?

೨೧ ಮೇ ೨೦೦೬, ಭಾನುವಾರ. ಚಿತ್ತವಾಡ್ಗಿ.

'ತಂತು' ಎಂಬ ಒಂದೇ ಪದದಿಂದ ಇಂದು ನನ್ನ ಮದುವೆ ತಪ್ಪುತ್ತಿತ್ತು.

ನನ್ನನ್ನು ನೋಡಲು ಕಂಪ್ಲಿಯ ಅಕ್ಕಿ ಗಿರಣಿಯವರು ಬಂದಿದ್ದರು. ಹಿಂದೆ ಬಂದ ಅದಿರು ಲಾರಿ ಮಾಲೀಕರೆಲ್ಲ ಹೈದರಾಬಾದಿನ ಕೆಲಸ ಬಿಡು ಎಂದಿದ್ದರು. ಇವರು ಹಾಗೆನ್ನಲಿಲ್ಲ. ಏನು ಕೆಲಸವೆಂದಷ್ಟೇ ಹುಡುಗನ ತಾಯಿ ಕೊಟ್ರಮ್ಮ ಕೇಳಿದರು.

"ಲ್ಯಾಬಿನ್ಯಾಗ ಜೀನ್ ಬದಲಿಸಿದ ಇಲಿ ಸಾಕಿ, ಅವುಗಳ ಜೀವಕೋಶಕ್ಕ ಆಕಾರ ಕೊಡೋ ಪ್ರೋಟೀನ್ ತಂತು ನೋಡ್ತೀನ್ರಿ."

"ಇಲಿ ಏನ ತಂತವ್ವಾ? ಪ್ಲೇಗಾ?" ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. "ನಾವು ಗಿರಣ್ಯಾಗ ಇಲಿ ಹೊಡ್ಯಾಕ ಆಳಿಟ್ಟೀವಿ, ನೀ ಸಾಕ್ತೀಯಾ!"

ಅಪ್ಪ ನೆಲ ನೋಡಿದರು. ಈ ಸಂಬಂಧವೂ ಹೋಯಿತು ಎಂದುಕೊಂಡೆ.

ಅಲ್ಲಿಯವರೆಗೆ ತುಟಿ ಬಿಚ್ಚದಿದ್ದ ಹುಡುಗ ಮುರುಗೇಶ್ ಆಗ ಮಾತಾಡಿದ. "ತರೋದಲ್ಲಬೇ ಅವ್ವ. ತಂತು ಅಂದ್ರ ದಾರ. ತಾಳಿ ದಾರ ಇರತೈತಲ್ಲ, ಹಂಗ."

ತಾಳಿ ಎಂದೊಡನೆ ಎಲ್ಲರೂ ಅವನತ್ತ ತಿರುಗಿದರು. ಅವನ ಕಿವಿ ಕೆಂಪಾದವು.

"ನಾ ಇನ್ನಾ ಉಪ್ಪಿಟ್ಟು ಮುಟ್ಟಿಲ್ಲಲೇ," ಎಂದರು ಕೊಟ್ರಮ್ಮ, "ನೀ ಆಗ್ಲೇ ತಾಳೀತನಕ ಹೋದ್ಯಾ!"

ಎಲ್ಲರೂ ನಕ್ಕರು. ಕೊಟ್ರಮ್ಮ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ತಟ್ಟೆಗೆ ಕೈ ಹಾಕಿದರು.

ಹೋಲಿಕೆ ಅಷ್ಟು ಸರಿಯಿಲ್ಲ. ಆ ತಂತು ತಾಳಿ ದಾರಕ್ಕಿಂತ ಲಕ್ಷ ಪಟ್ಟು ತೆಳು. ತಿದ್ದಬೇಕೆನ್ನಿಸಿತ್ತು. ತಿದ್ದಲಿಲ್ಲ.