ಥ್ರೂ ಪ್ರಾಪರ್ ಚಾನೆಲ್

೪ ಫೆಬ್ರವರಿ ೨೦೦೮, ಪುಣೆ

ಪಿ.ಟಿ. ಆಯಿತು. ನಾಲ್ಕು ಟ್ರಕ್ ರಿಪೇರಿಗೆ. ಹವಾಲ್ದಾರ್ ಏಕನಾಥನ ಜೊತೆ ಎಂದಿನ ಜಗಳ.

ಕ್ಯಾಪ್ಟನ್ ಸ್ವಪ್ನಿಲ್‌ಗೆ ಪರ್ಮನೆಂಟ್ ಕಮಿಷನ್ ಬಂತು. ಪೇಢೆ ಹಂಚಿದ. ಐದು ವರ್ಷದ ಹಿಂದೆ ಬಂದಾಗ ಟ್ರಕ್ಕುಗಳ ಕಾನ್ವಾಯ್ ಹೊರಡಿಸಲು ಬರುತ್ತಿರಲಿಲ್ಲ, ಕಲಿಸಿದವಳು ನಾನು. ಹೊಟ್ಟೆಕಿಚ್ಚಾಯಿತು... ಬರೆದೇ ಬಿಡುತ್ತೇನೆ, ಓದುವವರು ಯಾರು? ಸೈನ್ಯದಲ್ಲಿ ಗಂಡಸಾದರೆ ರಿಟೈರ್ ಆಗುವವರೆಗೆ ನೌಕರಿ. ಹೆಂಗಸಾದರೆ ಹದಿನಾಲ್ಕು ವರ್ಷ, ಆಮೇಲೆ ಮನೆಗೆ. ಪೆನ್ಶನ್‌ಗೆ ಇಪ್ಪತ್ತು ಬೇಕು. ನನ್ನದು ಆಗಸ್ಟ್ ಕೊನೆಗೆ ಮುಗಿಯುತ್ತದೆ.

೧೭ ಫೆಬ್ರವರಿ, ಭಾನುವಾರ

ಪುಣೆಯ ಕ್ಯಾಂಪ್ ಪೇಟೆಯಲ್ಲಿರುವ ನಮ್ಮ ಮನೆಗೆ ಹೋಗಿದ್ದೆ. ಅಪ್ಪ ಮಧ್ಯಾಹ್ನವೇ ಬಟ್ಟೆ ಅಂಗಡಿ ಮುಚ್ಚಿ ಊಟಕ್ಕೆ ಕೂತರು. ಅವ್ವ ಬಿಸಿ ರೊಟ್ಟಿ ಹಾಕುತ್ತಾ, "ಅಗಸ್ಟಕ್ಕ ಬಿಟ್ಟ ಬರ್ತಿಯಲ್ಲ, ಛಲೋ ಆತು ಬಿಡು. ಭಾಳ ದುಡದಿ" ಅಂದಳು.

"ಪೆನ್ಶನ್ ಎಷ್ಟ ಬರ್ತದವಾ?" ಅಪ್ಪ.

"ಇನ್ನಾ ಲೆಕ್ಕ ಆಗಬೇಕಪ್ಪ" ಅಂದೆ. ಸುಳ್ಳು. ನಾಚಿಕೆಯಾಗುತ್ತಿದೆ.

೧೧ ಮಾರ್ಚ್

ದೆಹಲಿಯಿಂದ ನೀತಾ ಫೋನ್. ಅಕಾಡೆಮಿಯಲ್ಲಿ ನನ್ನ ರೂಮ್‌ಮೇಟ್, ಈಗ ಅವಳೂ ಮೇಜರ್. ಹನ್ನೊಂದು ಜನ ಕೋರ್ಟಿಗೆ ಹೋಗುತ್ತಿದ್ದಾರಂತೆ — ಗಂಡಸರಿಗೆ ಕೊಡುವ ಪರ್ಮನೆಂಟ್ ಕಮಿಷನ್ ನಮಗೂ ಕೊಡಿ ಎಂದು. "ನೀನು ಹನ್ನೆರಡನೆಯವಳು. ವಕಾಲತ್ತು ಕಳಿಸಿದ್ದೇನೆ, ಸಹಿ ಹಾಕಿ ನೇರ ವಕೀಲರಿಗೆ ಕಳಿಸು."

"ಕಮಾಂಡಿಂಗ್ ಆಫೀಸರ್ ಪರ್ಮಿಷನ್?" ಅಂದೆ.

"ಯಾರ ಮೇಲೆ ಕೇಸೋ ಅವರನ್ನೇ ಕೇಳ್ತೀಯಾ? ಹುಚ್ಚಿ!"

೧೪ ಮಾರ್ಚ್

ಸಹಿ ಹಾಕಿದೆ. ಕೊರಿಯರ್ ಮಾಡಲಿಲ್ಲ. ಒಂದು ದಿನದ ರಜೆಯನ್ನೂ ಮೇಲಿನವರ ಮೂಲಕವೇ ಕೇಳಿದವಳು, ಇಷ್ಟು ದೊಡ್ಡದನ್ನು ಕದ್ದು ಕಳಿಸಲೇ? ಅನುಮತಿ ಕೋರಿ ಅರ್ಜಿ ಬರೆದೆ. ಮೂರು ಪ್ರತಿ. ವಕಾಲತ್ತು ಲಗತ್ತಿಸಿದೆ. ತಲೆಬರಹ: ಥ್ರೂ ಪ್ರಾಪರ್ ಚಾನೆಲ್.

ಸ್ವಪ್ನಿಲ್ ಈಗ ಅಡ್ಜುಟೆಂಟ್, ಸಿ.ಓ. ಮೇಜಿಗೆ ಹೋಗುವ ಕಾಗದವೆಲ್ಲ ಅವನ ಕೈಯಿಂದಲೇ. ಓದಿದ. ಎದ್ದು ಬಾಗಿಲು ಹಾಕಿದ.

"ಮ್ಯಾಡಮ್, ಇದನ್ನು ವಾಪಸ್ ತಗೊಳ್ಳಿ. ನಾನು ನೋಡಿಯೇ ಇಲ್ಲ. ಕೊರಿಯರ್‌ನವನು ಏಳರ ತನಕ ಇರ್ತಾನೆ."

"ನಾನು ಕಲಿಸಿದ್ದು ಇದನ್ನೇನು?" ಎಂದು ಗದರಿದೆ. ಪಾಪ, ಕಿವಿ ಕೆಂಪಾಯಿತು. ಸೀಲ್ ಒತ್ತಿದ.

೨೨ ಏಪ್ರಿಲ್

ಅರ್ಜಿ ಮೇಲಿನಿಂದ ವಾಪಸ್. ಮಾರ್ಜಿನ್ ಸರಿಯಿಲ್ಲ, ಪ್ರತಿ ನಾಲ್ಕು ಬೇಕು. ಹೊಸದಾಗಿ ಟೈಪ್ ಮಾಡಿಸಿ ಕಳಿಸಿದೆ. ಸಿ.ಓ. ಕರ್ನಲ್ ಕಿಶೋರ ಕರೆದು ಚಹಾ ಕೊಟ್ಟರು. "ಯೂ ಆರ್ ಎ ಗುಡ್ ಆಫೀಸರ್, ಭುವನೇಶ್ವರಿ. ನಾನು ರೆಕಮೆಂಡ್ ಮಾಡಿದ್ದೇನೆ. ಸ್ವಲ್ಪ ತಾಳ್ಮೆ." ಒಳ್ಳೆಯ ಮನುಷ್ಯ. ನಂಬಿದೆ.

೯ ಜುಲೈ

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ಫೈಲ್ ಮೇಲಿದೆ, ಅಷ್ಟೇ.

ಇವತ್ತು ಕೋರ್ಟಿನ ಆದೇಶ ಬಂತು. ತೀರ್ಪು ಬರುವವರೆಗೆ ಅರ್ಜಿದಾರರನ್ನು ಸೇವೆಯಿಂದ ಬಿಡುವಂತಿಲ್ಲ. ಹನ್ನೊಂದು ಹೆಸರು. "ನಿನ್ನ ಕಾಗದಕ್ಕೆ ತಿಂಗಳುಗಟ್ಟಲೆ ಕಾದೆವು ಕಣೇ" ಅಂದಳು ನೀತಾ. ಬೈದಿದ್ದರೂ ಚೆನ್ನಾಗಿತ್ತು.

ಸಂಜೆಯೇ ಹೊಸ ವಕಾಲತ್ತು ಕೊರಿಯರ್ ಮಾಡಿದೆ. ಯಾರನ್ನೂ ಕೇಳಲಿಲ್ಲ.

೨ ಆಗಸ್ಟ್

ಕೋರ್ಟಿನಲ್ಲಿ ನನ್ನ ಅರ್ಜಿಗೆ ತಾರೀಖು ಸಿಕ್ಕಿದೆ. ಸೆಪ್ಟೆಂಬರ್ ೧೫. ನನ್ನ ಬಿಡುಗಡೆ ಆಗಸ್ಟ್ ೩೦. "ಒಳಗಿದ್ದವರನ್ನು ಉಳಿಸಬಹುದು ಮೇಜರ್, ಹೊರಗೆ ಹೋದವರನ್ನು ತರುವುದು ಕಷ್ಟ" ಅಂದರು ವಕೀಲರು.

೩೦ ಆಗಸ್ಟ್

ಯೂನಿಟ್ ಬಿಟ್ಟು ಹೋಗುವ ಆಫೀಸರನ್ನು ಜೀಪಿನಲ್ಲಿ ಕೂರಿಸಿ, ಎಲ್ಲರೂ ಹಗ್ಗ ಹಿಡಿದು ಗೇಟಿನವರೆಗೆ ಎಳೆಯುವ ಪದ್ಧತಿ. ಎಷ್ಟು ಜನರನ್ನು ಎಳೆದಿದ್ದೇನೆ! ಸ್ವಪ್ನಿಲ್ ಜೀಪ್ ತೊಳೆಸಿ, ಹೂವಿನ ಹಾರ ಹಾಕಿಸಿ ನಿಲ್ಲಿಸಿದ್ದ. "ಲೇಡಿಯನ್ನು ಹೀಗೆ ಎಳೆಯೋದು ಚೆನ್ನಾಗಿರಲ್ಲ" ಅಂದರು ಕರ್ನಲ್. ಆಫೀಸರುಗಳ ಹೆಂಡಂದಿರು ಟೀ ಪಾರ್ಟಿ ಕೊಟ್ಟರು. ಕುಂಕುಮ, ಸೀರೆ. ಥ್ಯಾಂಕ್ಯೂ ಅಂದೆ. ನಡೆದುಕೊಂಡೇ ಗೇಟು ದಾಟಿದೆ. ಏಕನಾಥ ಅತ್ತ. ನಾನು ಅಳಲಿಲ್ಲ, ಆಟೋದಲ್ಲಿ ಅತ್ತೆ.

೧೫ ಸೆಪ್ಟೆಂಬರ್

ಕೋರ್ಟಿನಲ್ಲಿ ನನ್ನ ಅರ್ಜಿ ವಜಾ. ಸೇವೆಯಲ್ಲೇ ಇಲ್ಲದವರನ್ನು ಸೇವೆಯಿಂದ ಬಿಡಬೇಡಿ ಎಂದು ಹೇಗೆ ಹೇಳುವುದು ಎಂದರಂತೆ ನ್ಯಾಯಾಧೀಶರು.

೧೯ ಸೆಪ್ಟೆಂಬರ್, ಮಧ್ಯಾಹ್ನ

ಅಪ್ಪ ಅಂಗಡಿಯಿಂದ ಓಡೋಡಿ ಬಂದರು. ಕೈಯಲ್ಲಿ ಸರ್ಕಾರಿ ಲಕೋಟೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಮೂರು ಸಿಂಹದ ಮುದ್ರೆ ಗೊತ್ತು. ಒಡೆದೆ. ಎರಡು ಸಾಲು. ಕೆಳಗೆ ನಾಲ್ಕು ಮೇಲಧಿಕಾರಿಗಳ ಸಹಿ, ನಾಲ್ಕು ಸೀಲು. ಮೇಜರ್ ಭುವನೇಶ್ವರಿ ಅವರಿಗೆ ನ್ಯಾಯಾಲಯಕ್ಕೆ ಹೋಗಲು ಅನುಮತಿ ನೀಡಲಾಗಿದೆ.

ಅವ್ವ ಒಲೆ ಆರಿಸಿ ಬಂದು ನಿಂತಳು. ಅಪ್ಪನ ಮುಖದ ತುಂಬಾ ನಗು. "ಮತ್ತ ಕರದಾರೇನವಾ? ನನಗ ಗೊತ್ತಿತ್ತು, ನಿನ್ನಂಥಾಕಿನ್ನ ಹಂಗೆಲ್ಲಿ ಬಿಡ್ತಾರ... ಓದು, ಜೋರಾಗಿ ಓದು."

ಕಾಗದ ಮಡಿಚಿದೆ. ಅಪ್ಪಾ, ಕೂಡ್ರಿ ಅಂದೆ. ಕೂತರು. ನಾನೂ ಎದುರಿಗೆ ಕೂತು, ಪೆನ್ಶನ್ ಇಲ್ಲ ಎಂಬಲ್ಲಿಂದ ಶುರು ಮಾಡಿ ಎಲ್ಲ ಹೇಳಿದೆ.