ಕುಂಕುಮ ಹಚ್ಚಿಸಿಕೊಂಡ ಬೀಜದ ಚೀಟಿ

ಬೀಜ ಪ್ರಚಾರ ಕಚೇರಿಯ ಮುಖ್ಯಾಧಿಕಾರಿಗಳೇ,

ನೀವು ಹಂಚಿದ ಸಂಕರ ಜೋಳದ ದೆಸೆಯಿಂದ ಧಾರವಾಡ ಜಿಲ್ಲೆಯಲ್ಲಿರುವ ನನ್ನ ಅಕ್ಕ ಹಾಲವ್ವನ ಮನೆಯಲ್ಲಿ ಈ ಮುಂಗಾರಿಗೆ ಬಿತ್ತಲು ಬೀಜವಿಲ್ಲ. ತಪ್ಪಿನಲ್ಲಿ ಮುಕ್ಕಾಲು ಪಾಲು ನನ್ನದು, ಕಾಲು ಪಾಲು ನಿಮ್ಮದು. ಪತ್ರ ಕನ್ನಡದಲ್ಲಿದೆ ಎಂದು ಮುಖ ಸಿಂಡರಿಸಬೇಡಿ. ನನಗೆ ಇಂಗ್ಲಿಷು ಬಾರದು, ಆದರೂ ಬೀಜದ ಚೀಟಿಯನ್ನು ನೀವು ಇಂಗ್ಲಿಷಿನಲ್ಲೇ ಬರೆದಿರಿ.

ನಾನು ಮುಂಬಯಿಯ ಪರೇಲಿನ ಮಿಲ್ಲೊಂದರಲ್ಲಿ ಹದಿನಾಲ್ಕು ವರ್ಷದಿಂದ ನೂಲಿನ ಜೊತೆ ಬದುಕುವವನು. ಎರಡು ವರ್ಷದ ಹಿಂದೆ, ೧೯೬೭ರಲ್ಲಿ, ನಿಮ್ಮ ಕೃಷಿ ಪ್ರದರ್ಶನಕ್ಕೆ ಹೋದಾಗ ಒಂದು ಸಣ್ಣ ಚೀಲ ಜೋಳವನ್ನೂ ಬೇಸಾಯದ ಮೂಲ ಶಬ್ದಗಳ ಮರಾಠಿ ಪುಸ್ತಿಕೆಯನ್ನೂ ಕೊಟ್ಟಿರಿ. ಮರಾಠಿ ನನಗೆ ಮಿಲ್ಲು ಕಲಿಸಿದೆ. ಒಂದು ವಾರ ನಮ್ಮ ಚಾಳಿನ ಪಡಸಾಲೆಯಲ್ಲಿ ಪುರಾಣ ಹೇಳುವವನಂತೆ ಕೂತು ತಳಿ, ಶುದ್ಧ ಬೀಜ, ಮಣ್ಣಿನ ಹುಳಿ ಎಂದು ಅರ್ಥ ಬಿಡಿಸಿ ಹೇಳಿದೆ. ಪಕ್ಕದ ಖೋಲಿಯ ಗದಿಗೆಪ್ಪ ತಡೆಯಲಾರದೆ ಕೇಳಿದ:

"ಖಂಡಪ್ಪಣ್ಣಾ, ಮಣ್ಣ ಹುಳಿ ಐತೋ ಸಪ್ಪಗೈತೋ ಅಂತ ಇಷ್ಟ ಹೇಳಾಕತ್ತೀಯಲ್ಲಪಾ, ನಿನ್ನ ಕಡೆ ಮಣ್ಣರ ಎಲ್ಲೈತಿ?"

ನಾನು ಗಂಭೀರವಾಗಿ ಡಾಲ್ಡಾ ಡಬ್ಬಿಯಲ್ಲಿದ್ದ ತುಳಸಿಯನ್ನು ತೋರಿಸಿದೆ. ಪಾಂಡಿತ್ಯಕ್ಕೆ ಅಷ್ಟು ಮಣ್ಣು ಸಾಕು ಸ್ವಾಮಿ.

ಮಳೆಗೆ ಮುಂಚೆ ರಜೆ ಹಾಕಿ ಊರಿಗೆ ಹೋಗಿ ಚೀಲವನ್ನು ಅಕ್ಕನ ಕೈಗಿಟ್ಟೆ. ಅದರ ಬಾಯಿಗೆ ಹೊಲಿದಿದ್ದ ಇಂಗ್ಲಿಷ್ ಚೀಟಿಯ ಮೇಲೆ ದೊಡ್ಡ ಮುದ್ರೆ ಇತ್ತು.

"ಇದೇನೋ ತಮ್ಮಾ?"

"ಸರಕಾರದ ಆಶೀರ್ವಾದ, ಅಕ್ಕಾ."

ಅವಳು ಚೀಟಿಯನ್ನು ದೇವರ ಜಗಲಿಯ ಮೇಲಿಟ್ಟು ಕುಂಕುಮ ಹಚ್ಚಿದಳು.

ಆ ವರ್ಷ ಬಂದ ಬೆಳೆಯನ್ನು ನೋಡಲು ಪಕ್ಕದೂರಿನವರೂ ಬಂದರಂತೆ. ಸುದ್ದಿ ಕೇಳಿ ನನ್ನ ತಲೆ ಚಾಳಿನ ಮಾಳಿಗೆಗೆ ಮುಟ್ಟಿತು. ಕೂಡಲೆ ಅಕ್ಕನಿಗೆ ಕಾಗದ ಬರೆದೆ: ಅವ್ವ ಮಾಡುತ್ತಿದ್ದಂತೆ ದಪ್ಪ ತೆನೆಗಳನ್ನೇ ಆರಿಸು, ಜಂತಿಗೆ ಕಟ್ಟಿ ಒಣಗಿಸು, ಬೂದಿ ಕಲಸಿ ಗಡಿಗೆಯಲ್ಲಿ ಬೀಜಕ್ಕಿಡು, ಹಳೆಯ ಬೀಜದ ಜೋಳವನ್ನು ಬೀಸಿ ರೊಟ್ಟಿ ಮಾಡು. ಅಜ್ಜಿಯ ಅಜ್ಜಿಯಿಂದ ಬಂದ ಬೀಜ ಹೀಗೆ ನನ್ನ ಒಂದು ಕಾಗದಕ್ಕೆ ರೊಟ್ಟಿಯಾಯಿತು. ನಮ್ಮ ಓಣಿಯಲ್ಲಿ ಬೀಜ ಕೇಳಿದವರಿಗೆ ಇಲ್ಲ ಅನ್ನುವ ರೂಢಿಯಿಲ್ಲ. ಆರು ಮನೆಯವರು ಅಕ್ಕನ ಹತ್ತಿರ ಹೊಸ ಬೀಜ ಒಯ್ದರು. ಆರು ಮನೆಯವರೂ ಹಳೆಯದನ್ನು ರೊಟ್ಟಿ ಮಾಡಿ ಉಂಡರು.

ಮರುವರ್ಷ ದಸರೆಗೆ ಹೋದವನನ್ನು ಅಕ್ಕ ನೀರೂ ಕೊಡದೆ ಹೊಲಕ್ಕೆ ಕರೆದೊಯ್ದಳು.

"ನೋಡಪಾ ಶಾಣ್ಯಾ, ನಿಮ್ಮ ಚಾಳಿನ ಮಂದಿ ನಳದ ಮುಂದ ನಿಂತಾಂಗ ಐತಿ. ಒಂದು ಉದ್ದ, ಒಂದು ಗಿಡ್ಡ. ಒಂದು ತೆನಿ ಹಾಕೇತಿ, ಒಂದು ಇನ್ನೂ ಎದ್ದಿಲ್ಲ."

"ಮಣ್ಣಿನ ಹುಳಿ ಹೆಚ್ಚಾಗಿರಬೇಕಕ್ಕಾ," ಎಂದೆ.

"ಹುಳಿ ಮಣ್ಣಾಗ ಇಲ್ಲ, ನಿನ್ನ ಪುಸ್ತಕದಾಗ ಐತಿ. ನಮ್ಮವ್ವನ ಬೀಜ ತಂದ ಕೊಡು."

ಕುಂಕುಮದ ಚೀಟಿಯನ್ನು ಹಿಡಿದು ನಿಮ್ಮ ಕಚೇರಿಗೆ ಬಂದೆ. ಗುಮಾಸ್ತರು ಉಗುರಿನಿಂದ ಕುಂಕುಮ ಕೆರೆದು ಓದಿದರು: ಈ ಬೆಳೆಯ ಕಾಳನ್ನು ಮತ್ತೆ ಬೀಜಕ್ಕೆ ಇಡಬಾರದು. ಎರಡು ತಳಿ ಕೂಡಿಸಿದ್ದರ ಕಸುವು ಒಂದೇ ಪೀಳಿಗೆಯದಂತೆ. ಆಮೇಲೆ ಅಪ್ಪನ ಗುಣ ಒಂದು ಗಿಡಕ್ಕೆ, ಅವ್ವನ ಗುಣ ಇನ್ನೊಂದಕ್ಕೆ ಹರಿದು ಹಂಚಿಹೋಗುತ್ತದಂತೆ. ಪ್ರತಿ ವರ್ಷ ಹೊಸ ಬೀಜ ಕೊಳ್ಳಬೇಕಂತೆ. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದರೆ, "ಯೇ ತೋ ಸಬ್‌ಕೋ ಮಾಲೂಮ್ ಹೈ" ಎಂದರು.

ಎಲ್ಲರಿಗೂ ಗೊತ್ತು ಎಂದರೆ ಯಾರಿಗೆ ಮಾನ್ಯರೇ? ಒಳ್ಳೆಯ ತೆನೆ ಕಂಡರೆ ಬೀಜಕ್ಕೆ ತೆಗೆದಿಡುವುದೊಂದನ್ನೇ ತಲೆತಲಾಂತರದಿಂದ ಕಲಿತು ಬಂದ ಹಾಲವ್ವನಿಗೆ ಗೊತ್ತಿತ್ತೆ? ನಿಮ್ಮ ಪುಸ್ತಿಕೆಯಲ್ಲಿ ನಲವತ್ತು ಶಬ್ದಗಳಿವೆ. ಸಂಕರ ತಳಿ ಎಂದರೇನು ಎಂದು ಅರ್ಧ ಪುಟ ಬರೆದಿದ್ದೀರಿ. ಅದರ ಮಗ ಅಪ್ಪನಂತಿರುವುದಿಲ್ಲ ಎಂಬ ಒಂದು ಸಾಲಿಗೆ ಕಾಗದ ಮುಗಿದುಹೋಯಿತೆ? ಹಾಗೆಂದು ನನ್ನನ್ನು ನಾನು ಸುಮ್ಮನೆ ಬಿಡುವುದಿಲ್ಲ. ಓದಲು ಬಾರದ್ದನ್ನು ಆಶೀರ್ವಾದ ಎಂದು ಸಾರಿದವನು ನಾನೇ. ಚಾಳಿನಲ್ಲಿ ಇಂಗ್ಲಿಷು ಬಲ್ಲವರು ಇಬ್ಬರಿದ್ದರು. ಕೇಳಿದರೆ ನನ್ನ ಪಾಂಡಿತ್ಯ ಸವೆಯುತ್ತಿತ್ತು, ಕೇಳಲಿಲ್ಲ.

ಹೊರಡುವಾಗ ನಿಮ್ಮ ಗಾಜಿನ ಬೀರು ಕಣ್ಣಿಗೆ ಬಿತ್ತು. ಬಾಟಲಿಗಳ ಸಾಲಿನಲ್ಲಿ ಒಂದರ ಮೇಲೆ ನಮ್ಮೂರ ಹೆಸರಿತ್ತು. ನಮ್ಮ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ನಿಮ್ಮವರು ಮನೆಮನೆಯಿಂದ ಎತ್ತಿ ತಂದ ಜೋಳವಂತೆ. ಪ್ರಾಂತ ಒಡೆದು ಜಿಲ್ಲೆ ಅತ್ತ ಹೋಯಿತು; ಈ ಜೋಳವೂ ನಾನೂ ಇಲ್ಲೇ ಉಳಿದೆವು. ಮೂರು ವರ್ಷಕ್ಕೊಮ್ಮೆ ಬಿತ್ತಿ ಹೊಸ ಕಾಳು ತುಂಬುತ್ತೇವೆ ಎಂದು ಗುಮಾಸ್ತರು ಹೆಮ್ಮೆಯಿಂದ ಬಾಟಲಿ ಅಲುಗಿಸಿದರು. ಅವ್ವ ಗಡಿಗೆಯಲ್ಲಿಡುತ್ತಿದ್ದ ಕಂದು ಚುಕ್ಕೆಯ ಅದೇ ಕಾಳು. ಒಂದು ಹಿಡಿ ಕೊಡಿ ಎಂದೆ. ಸಾಹೇಬರ ಸಹಿ ಬೇಕು ಎಂದು ಬೀರುವಿಗೆ ಬೀಗ ಹಾಕಿದರು.

ಸಹಿ ಮಾಡಿ ಸಾಹೇಬರೇ. ಆ ಇಂಗ್ಲಿಷ್ ಸಾಲನ್ನು ಇನ್ನು ಮುಂದೆ ಚೀಲದ ಮೇಲೆ ಬಿತ್ತುವವರ ಭಾಷೆಯಲ್ಲಿ, ಮುದ್ರೆಗಿಂತ ದೊಡ್ಡದಾಗಿ ಅಚ್ಚು ಹಾಕಿಸಿ. ಬೀಜ ಮಾತ್ರ ಮೃಗಶಿರಾ ಮಳೆಗೆ ಮುಂಚೆ ಬೇಕು. ಈ ವರ್ಷ ಹಿತ್ತಲ ಮೂಲೆಗೆ ಒಂದು ಹಿಡಿ, ಬರುವ ವರ್ಷ ಅಕ್ಕನ ಹೊಲಕ್ಕೆ, ಅದರ ಮುಂದಿನ ವರ್ಷ ಆರು ಮನೆಗೆ. ಸೋಮವಾರ ಮೊದಲ ಪಾಳಿ ಮುಗಿಸಿ ಬರುತ್ತೇನೆ. ಬೀರು ತೆರೆದಿರಲಿ. ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ.

ಇಂತಿ,
ಅಕ್ಕನ ಬೀಜವನ್ನು ರೊಟ್ಟಿ ಮಾಡಿಸಿದ ತಮ್ಮ,
ಖಂಡಪ್ಪ
ಪರೇಲ್, ಏಪ್ರಿಲ್ ೧೯೬೯